ಪದ ಪರಿಚಯ: ಪದಕ (ನಾಣ್ಯ ಅಲ್ಲ, ದಯವಿಟ್ಟು)

ಕಾಸರಗೋಡು ಕಡೆ ಈಗ ಶಾಲೆಗಳ ಶತಮಾನೋತ್ಸವದ ಸುಗ್ಗಿ. ಸ್ಮರಣ ಸಂಚಿಕೆ, ಹಳೆ ವಿದ್ಯಾರ್ಥಿಗಳ ಯಕ್ಷಗಾನ, ಜತೆಗೊಂದು ಪುರಾತನ ವಸ್ತು ಪ್ರದರ್ಶನ ಇದ್ದೇ ಇರುತ್ತದೆ. ಅಂಥ ಒಂದು ಮೇಜಿನ ಮೇಲೆ ಐದನೇ ಜಾರ್ಜ್ ಮತ್ತು ರಾಣಿ ಮೇರಿಯ ಜೋಡಿಮುಖದ ಬೆಳ್ಳಿಯ ಬಿಲ್ಲೆಯೊಂದು ಮಲಗಿತ್ತು. ಹಿಂಬದಿಯಲ್ಲಿ ಕಿರೀಟ, ಅದರ ಕೆಳಗೆ ಹೆಣೆದುಕೊಂಡ ಜಿ.ಆರ್.ಐ. (ಜಾರ್ಜ್, ದೊರೆ, ಚಕ್ರವರ್ತಿ ಎಂಬ ಲ್ಯಾಟಿನ್ ಮಾತುಗಳ ಮೊದಲಕ್ಷರ) ಅಕ್ಷರಗಳು, 1910 ಮತ್ತು 1935ರ ಮೇ 6 ಎಂಬ ಎರಡು ತಾರೀಕು. ನೆತ್ತಿಯಲ್ಲಿ ನೇತುಹಾಕುವ ಬಳೆ. ಮುಂದಿಟ್ಟ ಚೀಟಿಯಲ್ಲಿ ‘ಬ್ರಿಟಿಷರ ಕಾಲದ ಬೆಳ್ಳಿ ನಾಣ್ಯ’ ಎಂದು ಬರೆದಿತ್ತು. ನಾಣ್ಯಕ್ಕೆ ಬಳೆ ಯಾಕೆ ಬಂತು ಎಂದು ಕೇಳುವವರು ಒಬ್ಬರೂ ಇರಲಿಲ್ಲ. ವಾಟ್ಸಾಪಿನಲ್ಲಂತೂ ದುಂಡಗಿರುವ, ಹಳತಾದ, ತಲೆಚಿತ್ರವಿರುವ ಯಾವುದೇ ಲೋಹವೂ ನಾಣ್ಯವೇ, ಬೆಲೆಯೂ ಲಕ್ಷದ ಮೇಲೆಯೇ.

ಅದು ಪದಕ. ಜಾರ್ಜ್ ದೊರೆ ಪಟ್ಟಕ್ಕೆ ಬಂದು 25 ವರ್ಷವಾದದ್ದಕ್ಕೆ ಹೊರಡಿಸಿದ ಬೆಳ್ಳಿಹಬ್ಬದ ಪದಕ. ಅದರಿಂದ ಆ ಕಾಲದಲ್ಲೂ ಒಂದು ಬೆಂಕಿಪೊಟ್ಟಣ ಕೊಳ್ಳುವಂತಿರಲಿಲ್ಲ. ವ್ಯತ್ಯಾಸ ಇರುವುದು ಇಲ್ಲೇ: ನಾಣ್ಯಕ್ಕೆ ಮುಖಬೆಲೆ ಇದೆ, ಆ ಬೆಲೆಗೆ ಅದನ್ನು ಸ್ವೀಕರಿಸಬೇಕೆಂಬ ಸರಕಾರದ ಹೊಣೆ ಇದೆ. ಪದಕಕ್ಕೆ ಎರಡೂ ಇಲ್ಲ. ಅದೇ ಠಂಕಸಾಲೆ, ಅದೇ ಬೆಳ್ಳಿ, ಅದೇ ದೊರೆಯ ಮುಖ ಇದ್ದರೂ ಇಲ್ಲ. ಹಾಗೆಯೇ, ಭಾರತ ಸರಕಾರ ಹೊರಡಿಸುವ ಸ್ಮಾರಕ ನಾಣ್ಯ ಎಷ್ಟೇ ಅಲಂಕಾರದ್ದಾದರೂ ನಾಣ್ಯವೇ. 1964ರಲ್ಲಿ ನೆಹರೂ ಮುಖದ ಒಂದು ರೂಪಾಯಿ ಬಂತು, 2010ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ನೆನಪಿಗೆ ಸಾವಿರ ರೂಪಾಯಿಯ ನಾಣ್ಯವೇ ಬಂತು. ಅದನ್ನು ಕೊಟ್ಟು ಯಾರೂ ಅಕ್ಕಿ ತರುವುದಿಲ್ಲ, ಆದರೆ ಅಂಕೆ ಅದರ ಮೇಲಿದೆ. ಅಂಕೆಯೊಂದು ಇದ್ದ ಮಾತ್ರಕ್ಕೆ ನಾಣ್ಯವಾಯಿತು ಎಂದೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟೊಂದು ಗೊಂದಲಕ್ಕೆ ಜನರನ್ನು ಮಾತ್ರ ದೂರುವಂತಿಲ್ಲ. ಮಾತಿನ ಇತಿಹಾಸವೇ ಹಾಗಿದೆ. ನಮ್ಮಲ್ಲಿ ಪದಕ ಮೊದಲಿನಿಂದಲೂ ಒಡವೆ. ಸರದ ನಡುವೆ ಎದೆಯ ಮೇಲೆ ಕೂರುವ, ಕಲ್ಲು ಕೂರಿಸಿದ ಬಿಲ್ಲೆ. ಇಂದಿಗೂ ಅಕ್ಕಸಾಲಿಗನ ಅಂಗಡಿಯಲ್ಲಿ ‘ಪದಕ ತೋರಿಸಿ’ ಎಂದರೆ ಆತ ಓಟದ ಸ್ಪರ್ಧೆಯ ಮೆಡಲ್ಲು ತೆಗೆಯುವುದಿಲ್ಲ, ಸರಕ್ಕೆ ಹಾಕುವುದನ್ನೇ ತೆಗೆಯುತ್ತಾನೆ. ಇಂಗ್ಲಿಷರ ಮೆಡಲ್ ನಮ್ಮಲ್ಲಿಗೆ ಬಂದಾಗ ಎದೆಯ ಮೇಲೆ ತೂಗುವ ಬಿಲ್ಲೆಗೆ ಕನ್ನಡದಲ್ಲಿ ಮಾತು ಸಿದ್ಧವಾಗಿಯೇ ಇತ್ತು, ಅದನ್ನೇ ಕೊಟ್ಟರು. ಒಳ್ಳೆಯ ಆಯ್ಕೆ. ಆದರೆ ಹೀಗೆ ಮಾಡಿದಾಗ ಗೆದ್ದದ್ದು ತೂಗುವ ಗುಣ, ಬಿಟ್ಟುಹೋದದ್ದು ಅಚ್ಚೊತ್ತುವ ಗುಣ. ಪದಕಗಳಲ್ಲಿ ಬಳೆ, ರಿಬ್ಬನ್ನು ಏನೂ ಇಲ್ಲದೆ ಪೆಟ್ಟಿಗೆಯಲ್ಲಿ ಮಲಗಿರುವಂಥವೇ ಬೇಕಾದಷ್ಟಿವೆ. ಅವನ್ನು ಕಂಡಾಗ ‘ತೂಗುವುದಿಲ್ಲವಲ್ಲ, ಹಾಗಾದರೆ ನಾಣ್ಯ’ ಎಂದು ಜನ ಜಾರುವುದು ಇಲ್ಲೇ.

ಮೆಡಲ್ ಎಂಬ ಮಾತಿನ ಕತೆ ಇದಕ್ಕೆ ಉಲ್ಟಾ. ಇಟಾಲಿಯನ್ನಿನ ಮೆದಾಲ್ಯ ಎಂಬುದರಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದ ಮಾತು ಅದು. ಅದರ ಹಿಂದೆ ಲ್ಯಾಟಿನ್ನಿನ ಲೋಹ ಎಂಬ ಅರ್ಥದ ಮಾತಿದೆ ಎಂದು ಕೆಲವರು ಹೇಳುತ್ತಾರೆ. ಅರ್ಧ ಎಂಬ ಅರ್ಥದ ಮಾತಿದೆ, ಅಂದರೆ ಅರ್ಧ ದಿನಾರದ ಪುಡಿಕಾಸಿನ ಹೆಸರೇ ಮುಂದೆ ಮೆಡಲ್ ಆಯಿತು ಎಂದು ಇನ್ನು ಕೆಲವರು. ಎರಡನೆಯದು ನನಗೆ ಹೆಚ್ಚು ಇಷ್ಟ. ಹಾಗಾದರೆ ಅವರದು ಕಾಸಿನಿಂದ ಹೊರಟು ಎದೆಗೆ ಬಂತು, ನಮ್ಮದು ಕೊರಳಿನಲ್ಲೇ ಇತ್ತು. ಕೊರಳಿಂದ ಕಾಸಿಗೆ ಹೋದ ಮಾತೂ ನಮ್ಮಲ್ಲಿದೆ: ನಿಷ್ಕ. ಋಗ್ವೇದದಲ್ಲಿ ನಿಷ್ಕ ಎಂದರೆ ಕೊರಳ ಆಭರಣ, ಅದನ್ನು ತೊಟ್ಟವನು ನಿಷ್ಕಗ್ರೀವ. ಕೆಲವು ಶತಮಾನ ಕಳೆದು ನೋಡಿದರೆ ಅದೇ ನಿಷ್ಕ ಚಿನ್ನದ ಲೆಕ್ಕದ ಮಾನವಾಗಿ ಕೂತಿದೆ. ಇಷ್ಟು ದೂರ ಯಾಕೆ, ನಮ್ಮ ಅಜ್ಜಿಯಂದಿರ ಕಾಸುಮಾಲೆ ಸಾಕಲ್ಲ? ಪವನಿಗೆ, ಅಂದರೆ ಚಿನ್ನದ ನಾಣ್ಯಕ್ಕೆ, ಕೊಂಡಿ ಬೆಸೆದು ಸರ ಮಾಡಿದರೆ ಅದು ಒಡವೆಯ ಲೆಕ್ಕದಲ್ಲಿ ಪದಕವೇ. ಸಂಗ್ರಾಹಕರ ಲೆಕ್ಕದಲ್ಲಿ ಮಾತ್ರ ಅಲ್ಲ. ಬೆಸುಗೆ ತಿಂದು ಹಾಳಾದ ನಾಣ್ಯ ಎಂದಷ್ಟೇ ಅವರು ಹೇಳುತ್ತಾರೆ, ಬೆಲೆಯನ್ನೂ ಹಾಗೆಯೇ ಇಳಿಸುತ್ತಾರೆ. ಇದರ ತಿರುವುಮುರುವೂ ಉಂಟು. ಪದಕದ ಕೊಂಡಿ ಕಿತ್ತು, ಅಂಚನ್ನು ಅರದಲ್ಲಿ ಉಜ್ಜಿ, ‘ಅಪರೂಪದ ನಾಣ್ಯ’ ಎಂದು ಮಾರುವವರಿದ್ದಾರೆ. ಅಂಚಿನಲ್ಲಿ, ದೊರೆಯ ನೆತ್ತಿಗೆ ಸರಿಯಾಗಿ ಉಗುರು ಎಳೆದು ನೋಡಿ. ಉಜ್ಜಿದ ಜಾಗ ಚಪ್ಪಟೆಯಾಗಿರುತ್ತದೆ, ಸುತ್ತಲಿನದಕ್ಕಿಂತ ಬಿಳಿಚಿರುತ್ತದೆ.

ಇಂದಿನ ಅರ್ಥದ ಸ್ಮಾರಕ ಪದಕ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ. 1438ರಲ್ಲಿ ಬೈಜಾಂಟಿಯಂನ ಚಕ್ರವರ್ತಿ ಎಂಟನೇ ಜಾನ್ ಧರ್ಮಸಭೆಗೆಂದು ಫೆರಾರಾಕ್ಕೆ ಬಂದಿದ್ದ. ಚೂಪು ಟೋಪಿಯ ಅವನ ಪಕ್ಕಮುಖವನ್ನು ಚಿತ್ರಕಾರ ಪಿಸಾನೆಲ್ಲೊ ಎರಕ ಹೊಯ್ದ. ಅಚ್ಚೊತ್ತಿದ್ದಲ್ಲ, ಎರಕ. ಕೊಡುಕೊಳ್ಳುವುದಕ್ಕಲ್ಲ, ಕೈಯಲ್ಲಿ ಹಿಡಿದು ನೋಡುವುದಕ್ಕೆ. ಅಲ್ಲಿಂದ ಮುಂದೆ ಯುರೋಪಿನ ದೊರೆಗಳೆಲ್ಲ ಪದಕದ ಹುಚ್ಚಿಗೆ ಬಿದ್ದರು. ಆ ಕತೆ ಇಲ್ಲಿ ಬೇಡ.

ಇನ್ನು ನನ್ನ ನಿಜವಾದ ತಕರಾರು. ನಾಣ್ಯ ಎಂದು ಬರೆಯುವವರನ್ನು ತಿದ್ದಬಹುದು. ‘ಸ್ಮಾರಕ ಪದಕ’ ಎಂದು ಸರಿಯಾಗಿಯೇ ಬರೆದು ತಪ್ಪಾಗಿ ತಿಳಿದುಕೊಳ್ಳುವವರನ್ನು ತಿದ್ದುವುದು ಕಷ್ಟ. ವಿಶ್ವವಿದ್ಯಾಲಯದ ಘಟಿಕೋತ್ಸವದ ಸುದ್ದಿ ನೋಡಿ: ‘ಇಂಥವರ ಸ್ಮಾರಕ ಚಿನ್ನದ ಪದಕ’ ಎಂದು ಸಾಲುಗಟ್ಟಲೆ ಇರುತ್ತದೆ. ತೀರಿಹೋದ ಹಿರಿಯರ ಹೆಸರಲ್ಲಿ ಮನೆಯವರು ದತ್ತಿ ಇಟ್ಟಿರುತ್ತಾರೆ, ಅದರ ಬಡ್ಡಿಯಲ್ಲಿ ವರ್ಷವರ್ಷ ಪದಕ. ಇದು ಬಹುಮಾನದ ಪದಕ. ಸ್ಮಾರಕ ಎಂಬುದು ಇಲ್ಲಿ ದತ್ತಿಯ ವಿಶೇಷಣ, ಪದಕದ್ದಲ್ಲ. ಸಂಗ್ರಾಹಕ ಸ್ಮಾರಕ ಪದಕ ಎನ್ನುವುದು ಒಂದು ಘಟನೆಯ ನೆನಪಿಗೆ ಅಚ್ಚೊತ್ತಿದ್ದನ್ನು: ಪಟ್ಟಾಭಿಷೇಕ, ದರ್ಬಾರು, ಸೇತುವೆಯ ಉದ್ಘಾಟನೆ, ಶಾಲೆಗೆ ನೂರು ತುಂಬಿದ್ದು. ಅದನ್ನು ಪಡೆಯಲು ಯಾರೂ ಯಾವುದರಲ್ಲೂ ಮೊದಲು ಬರಬೇಕಿಲ್ಲ. 1911ರಲ್ಲಿ ಪಟ್ಟಾಭಿಷೇಕದ ಸಂಭ್ರಮಕ್ಕೆ ಶಾಲೆಯ ಮಕ್ಕಳಿಗೆ ಮಿಠಾಯಿಯ ಜತೆ ಅಗ್ಗದ ಲೋಹದ ಪದಕ ಹಂಚಿದ್ದುಂಟು. ‘ನಮ್ಮ ಅಜ್ಜನಿಗೆ ಜಾರ್ಜ್ ಚಕ್ರವರ್ತಿಯಿಂದ ಪದಕ ಸಿಕ್ಕಿತ್ತು’ ಎಂದು ಮೊಮ್ಮಗ ಹೆಮ್ಮೆಯಿಂದ ತೆಗೆದು ತೋರಿಸುವುದರಲ್ಲಿ ಒಂದಷ್ಟು ಈ ಮಿಠಾಯಿ ಪದಕಗಳೇ. ಅಜ್ಜನಿಗೆ ಆಗ ಎಂಟು ವರ್ಷ ಎಂಬುದು ಮೊಮ್ಮಗನ ಲೆಕ್ಕದಲ್ಲಿ ಇರುವುದಿಲ್ಲ.

ದೊಡ್ಡ ಊರುಗಳಲ್ಲೂ ಇದೇ ಅವಾಂತರ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಶ್ರೇಷ್ಠ ವಸ್ತುಗಳಿಗೆ ಕೌನ್ಸಿಲ್ ಪದಕ, ಅದರ ಕೆಳಗಿನ ದರ್ಜೆಗೆ ಬಹುಮಾನ ಪದಕ, ತೀರ್ಪುಗಾರರಿಗೆ ಬೇರೆ, ಇದಲ್ಲದೆ ಪ್ರದರ್ಶನಕ್ಕೆ ವಸ್ತು ತಂದಿಟ್ಟ ಪ್ರತಿಯೊಬ್ಬನಿಗೂ ಒಂದು ಕಿರಿಯ ಪದಕ ಕೊಟ್ಟರು. ಎಲ್ಲವೂ ಕಂಚು. ಇಂದು ಹರಾಜಿಗೆ ಬರುವ ಕಿರಿಯ ಪದಕಗಳ ಮೇಲೂ ‘1851ರ ಬಹುಮಾನ ವಿಜೇತ’ ಎಂಬ ಬಣ್ಣನೆ ಏರಿಬಿಡುತ್ತದೆ. ಬಹುಮಾನ ಎಂದರೆ ಸ್ಪರ್ಧೆ ಇರಬೇಕು, ಗೆದ್ದವನ ಹೆಸರು ಎಲ್ಲಾದರೂ ಕೊರೆದಿರಬೇಕು. ಅಂಚು ತಿರುಗಿಸಿ ನೋಡುವ ಸಣ್ಣ ಕೆಲಸವನ್ನು ಯಾಕೆ ಯಾರೂ ಮಾಡುವುದಿಲ್ಲವೋ!

ಅಂಚು ಎಂದೆ. ಸೈನಿಕ ಪದಕಗಳಲ್ಲಿ ಇರುವುದೆಲ್ಲ ಅಂಚಿನಲ್ಲೇ. ಮೊದಲ ಮಹಾಯುದ್ಧದ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಒಂದನ್ನು ಕೈಗೆತ್ತಿಕೊಳ್ಳಿ. 36 ಮಿಲಿಮೀಟರ್ ಅಗಲ, ಒಂದು ಕಡೆ ದೊರೆ, ಇನ್ನೊಂದು ಕಡೆ ಕುದುರೆಯ ಮೇಲೆ ಬತ್ತಲೆ ವೀರ. ಇದು ಲಕ್ಷಾಂತರ ಸಂಖ್ಯೆಯಲ್ಲಿ ಬಂದದ್ದು, ಹಾಗಾಗಿ ಮುಖ ನೋಡಿ ಪ್ರಯೋಜನವಿಲ್ಲ. ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಸಿಪಾಯಿಯ ನಂಬರು, ದರ್ಜೆ, ಹೆಸರು, ಪಡೆ ಒಂದೊಂದಾಗಿ ಮೇಲೆ ಬರುತ್ತವೆ. ಅಷ್ಟು ಸಿಕ್ಕಿದರೆ ಆ ಲೋಹ ಒಬ್ಬ ಮನುಷ್ಯನದಾಯಿತು. ಎರಡನೇ ಯುದ್ಧದಲ್ಲಿ ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದ ಪದಕ ಕೊಟ್ಟು ಕೈತೊಳೆದುಕೊಂಡಿತು. ಭಾರತೀಯ ಸೇನೆಯವರಿಗೆ ಕೊಟ್ಟವುಗಳ ಮೇಲೆ ಹೆಸರು ಒತ್ತಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಪತ್ತಾಯದ (ಭತ್ತ ತುಂಬುವ ಪೆಟ್ಟಿಗೆಯ) ಮೂಲೆಯಿಂದ ಸಿಗುವವು ಹೆಚ್ಚಾಗಿ ಇಂಥವೇ. ಗುಜರಿಗೆ ಹಾಕುವ ಮುನ್ನ ಅಂಚು ಓದಿ. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಏರಿದಾಗ ಇಂಥ ಎಷ್ಟೋ ಹೆಸರುಗಳು ಲೋಕದ ತುಂಬ ಕುಲುಮೆಗೆ ಹೋಗಿವೆ.

ಈಸ್ಟ್ ಇಂಡಿಯಾ ಕಂಪೆನಿ ಕಾಲದ ಒಂದೆರಡನ್ನು ಹೇಳದೆ ಬಿಡಲಾರೆ. 1799ರ ಶ್ರೀರಂಗಪಟ್ಟಣದ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಹುಲಿ ಯಾರೆಂದು ಬೇಕಲ ಕೋಟೆಯ ನೆರಳಿನವರಿಗೆ ಹೇಳಬೇಕಾಗಿಲ್ಲ. ಆ ಯುದ್ಧದ ಬೆನ್ನಿಗೇ ಬೇಕಲವೂ ಕನ್ನಡ ಜಿಲ್ಲೆಯೂ ಕಂಪೆನಿಯ ಕೈಗೆ ಹೋದವು. ಬರ್ಮಿಂಗ್‌ಹ್ಯಾಮಿನ ಬೋಲ್ಟನ್‌ನ ಠಂಕಸಾಲೆಯಲ್ಲಿ ಒಂದೇ ಅಚ್ಚಿನಿಂದ ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಐದು ಬಗೆ ಒತ್ತಿದರು. ಚಿನ್ನ ದೊಡ್ಡ ದೊರೆಗಳಿಗೆ, ತವರ ಸಿಪಾಯಿಗೆ. ಚಿತ್ರ ಒಂದೇ, ಮರ್ಯಾದೆ ಬೇರೆ ಬೇರೆ. ಬಳೆಯಿಲ್ಲದೆ ಬಂದ ಪದಕವಿದು, ಪಡೆದವರು ತಮ್ಮ ತಮ್ಮ ಖರ್ಚಿನಲ್ಲಿ ಕೊಂಡಿ ಹಾಕಿಸಿಕೊಂಡರು. ಇದು ವಿಜಯದ ಸ್ಮಾರಕವೋ, ಸೇವೆಗೆ ಕೊಟ್ಟದ್ದೋ? ಎರಡೂ. ಹೆಸರಿಡುವವರ ಖಾನೆಗಳಿಗೆ ಹೊಂದಿಕೊಂಡು ಕಂಪೆನಿ ಪದಕ ಮಾಡಿಸಲಿಲ್ಲ.

ಇನ್ನೊಂದು 1837ರ ಕೊಡಗಿನ ಪದಕ. ಕಂಪೆನಿಯ ವಿರುದ್ಧ ಎದ್ದ ಅಮರ ಸುಳ್ಯದ ದಂಗೆ ಮಂಗಳೂರಿನವರೆಗೆ ಬಂದು ಅಡಗಿದ ಮೇಲೆ, ಕಂಪೆನಿಯ ಕಡೆ ನಿಂತ ಕೊಡಗರಿಗೆ ಚಿನ್ನದ, ಬೆಳ್ಳಿಯ ಪದಕ ಸಿಕ್ಕಿತು. ಕತ್ತಿ ಎತ್ತಿದ ಕೊಡವ ವೀರನ ಚಿತ್ರ ಅದರಲ್ಲಿದೆ, ಇಂಗ್ಲಿಷಿನ ಜತೆ ಕನ್ನಡ ಅಕ್ಷರವೂ ಇದೆ. ಕನ್ನಡ ಅಕ್ಷರವಿದೆಯೆಂದು ಸಂಭ್ರಮಿಸಿ ಇದನ್ನು ‘ಸ್ವಾತಂತ್ರ್ಯ ಹೋರಾಟದ ಪದಕ’ ಎಂದು ಕರೆದುಬಿಡುವ ಅಪಾಯ ಇದೆ. ಇದು ಹೋರಾಟವನ್ನು ಅಡಗಿಸಿದ್ದಕ್ಕೆ ಕೊಟ್ಟದ್ದು. ದಂಗೆ ಎದ್ದವರ ಮುಖಂಡ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ಸ್ವಾತಂತ್ರ್ಯ ಹೋರಾಟಗಾರರಿಗೆ 1972ರಲ್ಲಿ ಕೊಟ್ಟದ್ದು ತಾಮ್ರಪತ್ರ. ಅದು ಪದಕವಲ್ಲ, ಬರಹ ಕೊರೆದ ತಗಡು. ಅದನ್ನೂ ಪದಕ ಎನ್ನುವವರಿಗೆ ನಮಸ್ಕಾರ.

ಅಂಕೆ ಇದ್ದೂ ನಾಣ್ಯವಲ್ಲದ್ದಕ್ಕೆ ಬರುತ್ತೇನೆಂದೆ. ರಾಮಪಟ್ಟಾಭಿಷೇಕದ ಚಿತ್ರ, ಹಿಂದೆ ಈಸ್ಟ್ ಇಂಡಿಯಾ ಕಂಪೆನಿ, ಅರ್ಧ ಆಣೆ, 1818 ಎಂದಿರುವ ತಾಮ್ರದ ಬಿಲ್ಲೆಯನ್ನು ನೀವು ನೋಡಿಯೇ ಇರುತ್ತೀರಿ. ಕೆಲವುದರಲ್ಲಿ 1616 ಎಂದೂ ಇದೆ. 1616ರಲ್ಲಿ ಕಂಪೆನಿಗೆ ಈ ದೇಶದಲ್ಲಿ ಇದ್ದದ್ದು ಸೂರತ್ತಿನಂಥ ಕಡೆ ವ್ಯಾಪಾರದ ಕೋಠಿಗಳಷ್ಟೇ, ಠಂಕಸಾಲೆ ಎಲ್ಲಿಂದ ಬರಬೇಕು? ಕಂಪೆನಿಯ ಅಸಲು ಅರ್ಧ ಆಣೆಗಳಲ್ಲಿ ಇರುವುದು 1835, 1845 ಎಂಬ ಇಸವಿ, ರಾಮನಲ್ಲ. ಇವು ನಾಣ್ಯವೂ ಅಲ್ಲ, ಪದಕವೂ ಅಲ್ಲ. ದೇವರ ಕೋಣೆಯಲ್ಲಿಟ್ಟು ಪೂಜಿಸುವ ರಾಮಟಂಕೆಯ ಹಳೆಯ ಪರಂಪರೆಯನ್ನು ಹಿಡಿದು ಯಾರೋ ಕಂಪೆನಿಯ ಹೆಸರು ಕೆತ್ತಿ ಮಾರಿದ್ದು. ಪೂಜೆಗಿಟ್ಟುಕೊಳ್ಳಿ, ಬೇಡ ಎನ್ನುವುದಿಲ್ಲ. ಅಕ್ಕಿ ಸೆಳೆಯುತ್ತದೆ, ಕೋಟಿ ಬೆಲೆ ಎಂದು ಬರುವವನನ್ನು ಮಾತ್ರ ಜಗಲಿ ಹತ್ತಿಸಬೇಡಿ. ‘ರೈಸ್ ಪುಲ್ಲಿಂಗ್’ ಎಂದು ಪೊಲೀಸರ ಕಡತದಲ್ಲಿ ಆ ಮೋಸಕ್ಕೊಂದು ಹೆಸರೇ ಇದೆ.

ಚಿನ್ನದ ಪದಕದಲ್ಲಿ ಚಿನ್ನ ಎಷ್ಟು ಎಂಬ ಪ್ರಶ್ನೆಗೂ ಒಂದು ಮಾತು. ಒಲಿಂಪಿಕ್ಸಿನಲ್ಲಿ ಅಪ್ಪಟ ಚಿನ್ನ ಕೊಟ್ಟದ್ದು 1912ರಲ್ಲಿ ಕೊನೆ. ಈಗಿನದು ಬೆಳ್ಳಿ, ಮೇಲೆ ಸುಮಾರು 6 ಗ್ರಾಂ ಚಿನ್ನ. 1896ರಲ್ಲಿ ಗೆದ್ದವನಿಗೆ ಕೊಟ್ಟದ್ದೇ ಬೆಳ್ಳಿ. ಶಾಲೆಯ ಹಳೆಯ ಬಹುಮಾನ ಪದಕ ಸಿಕ್ಕರೆ ಲೋಹ ಒರೆಗೆ ಹಚ್ಚಲು ಓಡಬೇಡಿ. 1956ರ ತನಕ ಕಾಸರಗೋಡಿನ ನಾವು ಮದರಾಸು ರಾಜ್ಯದವರು. ಪಿ. ಓರ್ ಆಂಡ್ ಸನ್ಸ್‌ನಂಥ ಮದರಾಸಿನ ಅಂಗಡಿಯ ಮುದ್ರೆ, ವಿಷಯ, ವರ್ಷ, ಹುಡುಗನ ಹೆಸರು ಇವಿಷ್ಟು ಇದ್ದರೆ ಹಿತ್ತಾಳೆಯೂ ಸಂಗ್ರಹಕ್ಕೆ ಯೋಗ್ಯ.

ಸಿಕ್ಕಿದ ಕೂಡಲೇ ಹುಣಸೆಹುಳಿ ಹಾಕಿ ತಿಕ್ಕುವ ಚಾಳಿಯೊಂದಿದೆ. ದೀಪಕ್ಕೆ ಸರಿ, ಪದಕಕ್ಕೆ ಬೇಡ. ಕಂದು ಪದರ ಹೋದರೆ ಮತ್ತೆ ಬರುವುದಿಲ್ಲ, ಕೊರೆದ ಹೆಸರೂ ಸವೆಯುತ್ತದೆ. ನಮ್ಮ ಕಡಲ ಗಾಳಿಗೆ ಕಂಚಿನ ಮೇಲೆ ಪುಡಿಪುಡಿಯಾದ ತಿಳಿ ಹಸಿರು ಏಳುತ್ತದೆ. ಅದು ಕಿಲುಬಿನ ಅಂದವಲ್ಲ, ರೋಗ, ಅದರ ಪುಡಿ ಪಕ್ಕದ ಪದಕಕ್ಕೂ ತಗಲಬಹುದು, ಬೇರೆ ಇಡಿ. ಮೆತ್ತನೆಯ ಪ್ಲಾಸ್ಟಿಕ್ ಲಕೋಟೆಗಿಂತ ಒಣಗಿದ ಹತ್ತಿ ಬಟ್ಟೆ ವಾಸಿ. ಆಟಿಯ ಮಳೆಯಲ್ಲಿ ರಿಬ್ಬನ್ನಿಗೆ ಬೂಸ್ಟು ಬಂದರೆ ಬಿಸಿಲಿಗೆ ಒಡ್ಡಬೇಡಿ, ಬಣ್ಣ ಹಾರುತ್ತದೆ. ನೆರಳಲ್ಲಿ ಗಾಳಿಗೆ ಹರವಿ, ಮೆತ್ತಗಿನ ಕುಂಚದಲ್ಲಿ ಕೊಡವಿ. ಹರಿದ ರಿಬ್ಬನ್ನಾದರೂ ಬಿಸಾಡಬೇಡಿ. ಹೆಸರು ಸವೆದುಹೋದ ಪದಕ ಯಾವುದರದ್ದೆಂದು ಹೇಳಲು ಕೆಲವೊಮ್ಮೆ ಉಳಿದಿರುವುದು ಆ ಪಟ್ಟೆಗಳ ಬಣ್ಣ ಮಾತ್ರ.