ಡೇಟಾಬೇಸ್ ಭದ್ರ, ಡಂಪ್ ಕಡತ ಬಯಲು

ಡೇಟಾಬೇಸ್ ಸರ್ವರಿನ ಭದ್ರತೆಯನ್ನು ಪರಿಶೀಲಿಸುವಾಗ ನಾನು ಮೊದಲು ನೋಡುವುದು ಆಡಳಿತಗಾರರ ಹೋಮ್ ಡೈರೆಕ್ಟರಿಯನ್ನು ಮತ್ತು ಬ್ಯಾಕಪ್ ಇಡುವ ಜಾಗವನ್ನು. ಯಾವ ಬಳಕೆದಾರರಿಗೆ ಯಾವ ಟೇಬಲ್ ಕಾಣಬೇಕೆಂಬುದನ್ನು ಡೇಟಾಬೇಸಿನೊಳಗೆ ಎಷ್ಟೇ ಅಚ್ಚುಕಟ್ಟಾಗಿ ನಿಗದಿಪಡಿಸಿದ್ದರೂ, ಅದೇ ಟೇಬಲ್‌ಗಳ ಡಂಪ್ ಕಡತಕ್ಕೆ (ಡೇಟಾಬೇಸಿನ ವಿಷಯವನ್ನು ನಕಲಿಸಿಟ್ಟ ಬ್ಯಾಕಪ್ ಕಡತಕ್ಕೆ) 644 ಅನುಮತಿಯಿದ್ದು, ಅಂದರೆ ಒಡೆಯ ಓದಿ ಬರೆಯುವಂತೆ, ಉಳಿದವರೆಲ್ಲ ಓದುವಂತೆ ಇದ್ದು, ಡೈರೆಕ್ಟರಿಯೂ ತೆರೆದಿದ್ದರೆ, ಆ ಯಂತ್ರದಲ್ಲಿ ಖಾತೆಯುಳ್ಳ ಯಾರಾದರೂ ಅದನ್ನು ಓದಬಹುದು.

ತಪ್ಪಿದ್ದರೆ ಸಾಫ್ಟ್‌ವೇರೇ ಎಚ್ಚರಿಸುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನ ಪಾಸ್‌ವರ್ಡ್ ಕಡತವಾದ ಪಿಜಿಪಾಸ್ ಗುಂಪಿಗಾಗಲಿ ಇತರರಿಗಾಗಲಿ ತೆರೆದಿದ್ದರೆ ಡೇಟಾಬೇಸಿಗೆ ಸಂಪರ್ಕ ಕಲ್ಪಿಸುವ ಕ್ಲೈಂಟ್ ಲೈಬ್ರರಿ ಎಚ್ಚರಿಕೆ ಕೊಟ್ಟು ಆ ಕಡತವನ್ನೇ ಬದಿಗಿಡುತ್ತದೆ. ವಿಂಡೋಸ್‌ನಲ್ಲಿ ಈ ತಪಾಸಣೆ ಇಲ್ಲ. ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರಾದ ಮೈಎಸ್‌ಕ್ಯೂಎಲ್ ತನ್ನ ಕಾನ್ಫಿಗರೇಶನ್ ಕಡತವನ್ನು ಎಲ್ಲರೂ ತಿದ್ದುವಂತಿದ್ದರೆ ಬಿಟ್ಟುಬಿಡುತ್ತದೆ, ಎಲ್ಲರೂ ಓದುವಂತಿದ್ದರೆ ಮಾತ್ರ ತುಟಿಪಿಟಕ್ಕೆನ್ನದೆ ಅದರಲ್ಲಿರುವ ಪಾಸ್‌ವರ್ಡನ್ನು ಬಳಸಿಕೊಳ್ಳುತ್ತದೆ. ಈ ತಾರತಮ್ಯ ನನಗೆಂದೂ ಒಪ್ಪಿಗೆಯಾಗಿಲ್ಲ. ಲಾಗಿನ್ ವಿವರಗಳನ್ನು ಉಳಿಸಿಡುವ ಮೈಎಸ್‌ಕ್ಯೂಎಲ್‌ನ ಲಾಗಿನ್ ಪಾತ್ ಕಡತದಲ್ಲಿ ಪಾಸ್‌ವರ್ಡ್ ನೇರವಾಗಿ ಕಾಣುವುದಿಲ್ಲವಾದರೂ, ಕಡತ ಕೈಗೆ ಸಿಕ್ಕವರು ಅದನ್ನು ಬಿಡಿಸಿಕೊಳ್ಳುವುದು ಕಷ್ಟವೇನಲ್ಲ.

ಡಂಪ್ ಕಡತಗಳಿಗಂತೂ ಇಷ್ಟು ಕಾವಲೂ ಇಲ್ಲ. ಮೈಎಸ್‌ಕ್ಯೂಎಲ್‌ಡಂಪ್‌ನ ಔಟ್‌ಪುಟ್ಟನ್ನು '>' ಚಿಹ್ನೆಯಿಂದ ಕಡತಕ್ಕೆ ತಿರುಗಿಸಿದಾಗ ಆ ಕಡತವನ್ನು ಸೃಷ್ಟಿಸುವುದು ಡಂಪ್ ಪ್ರೋಗ್ರಾಂ ಅಲ್ಲ, ನಮ್ಮ ಆಜ್ಞೆಗಳನ್ನು ನಡೆಸುವ ಶೆಲ್; ಶೆಲ್‌ನ ಯುಮಾಸ್ಕ್ (ಹೊಸ ಕಡತಕ್ಕೆ ಯಾವ ಅನುಮತಿ ಕೊಡಬಾರದೆಂಬ ಸೂಚನೆ) 022 ಆಗಿದ್ದರೆ ಕಡತ 644 ಆಗಿಯೇ ಹುಟ್ಟುತ್ತದೆ. ಬ್ಯಾಕಪ್ ಮುಗಿದ ನಂತರ ಅನುಮತಿಯನ್ನು 600ಕ್ಕೆ (ಒಡೆಯನಿಗೆ ಮಾತ್ರ) ಇಳಿಸುವ ಸ್ಕ್ರಿಪ್ಟ್‌ಗಳನ್ನು ಹಲವೆಡೆ ಕಂಡಿದ್ದೇನೆ. ದೊಡ್ಡ ಡೇಟಾಬೇಸಿನ ಡಂಪ್ ಗಂಟೆಗಟ್ಟಲೆ ನಡೆಯುವುದರಿಂದ ಅಷ್ಟೂ ಹೊತ್ತು ಕಡತ ತೆರೆದೇ ಇರುತ್ತದೆ, ಮತ್ತು ಆ ಅವಧಿಯಲ್ಲಿ ಅದನ್ನು ತೆರೆದಿಟ್ಟುಕೊಂಡ ಪ್ರಕ್ರಿಯೆಯೊಂದು ಅನುಮತಿ ಬದಲಾದ ಮೇಲೂ ಓದುತ್ತಲೇ ಇರಬಹುದು. ಆದ್ದರಿಂದ ಡಂಪ್ ಆರಂಭವಾಗುವ ಮೊದಲೇ, ಸ್ಕ್ರಿಪ್ಟ್‌ನ ತಲೆಯಲ್ಲೇ, ಒಡೆಯನ ಹೊರತು ಯಾರಿಗೂ ಅನುಮತಿ ಸಿಗದಂತೆ ಯುಮಾಸ್ಕ್ 077 ಎಂದು ನಿಗದಿಪಡಿಸಬೇಕು.

ಇಷ್ಟು ಮಾಡಿಯೂ ಕೆಲವರು ಎಡವುವುದು ಒಂದೇ ಹೆಸರಿನ ಕಡತದ ಮೇಲೆ ದಿನವೂ ಬರೆಯುವಾಗ. ಯುಮಾಸ್ಕ್ ಅನ್ವಯಿಸುವುದು ಹೊಸದಾಗಿ ಹುಟ್ಟುವ ಕಡತಕ್ಕೆ ಮಾತ್ರ. ಮೊದಲೇ 644 ಆಗಿರುವ ಕಡತವನ್ನು ಶೆಲ್ ಬರಿದು ಮಾಡಿ ಮತ್ತೆ ತುಂಬಿಸುತ್ತದೆಯೇ ಹೊರತು ಅದರ ಅನುಮತಿಯನ್ನು ಮುಟ್ಟುವುದಿಲ್ಲ. ಹಳೆಯ ಕಡತವನ್ನು ಅಳಿಸಿಯೇ ಹೊಸದನ್ನು ಬರೆಯುವುದು, ಬ್ಯಾಕಪ್ ಡೈರೆಕ್ಟರಿಯನ್ನು 700ಕ್ಕೆ (ಒಡೆಯನಿಗೆ ಮಾತ್ರ ಪ್ರವೇಶ) ಬಿಗಿಗೊಳಿಸುವುದು ಲೇಸು.

ಇನ್ನು ಪಾಸ್‌ವರ್ಡ್ ಇದ್ದ ಕಡತವೇ ಎಲ್ಲರಿಗೂ ತೆರೆದಿತ್ತೆಂದು ಗೊತ್ತಾದರೆ ಅನುಮತಿ ಸರಿಪಡಿಸಿ ಸುಮ್ಮನಾಗುವಂತಿಲ್ಲ. ಅದನ್ನು ಯಾರು ಓದಿಕೊಂಡರೆಂದು ಕಡತದ ಅನುಮತಿಗಳು ಹೇಳುವುದಿಲ್ಲವಾದ್ದರಿಂದ, ಆ ಪಾಸ್‌ವರ್ಡನ್ನೇ ಬದಲಿಸಬೇಕು.