ಅದೇ ದುಡ್ಡು, ಅದೇ ವೇಗ: ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಲೆಕ್ಕ ಎಲ್ಲಿ ಕೆಟ್ಟಿತು?

2017ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಕಂಪನಿ ಜಿಟಿಎಕ್ಸ್ 1080 ಟಿಐ ಎಂಬ ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನಲ್ಲಿ ಆಟದ ಚಿತ್ರ ಬಿಡಿಸುವ ಭಾಗ, ಬಿಟ್ಟಿತು. ಬೆಲೆ 699 ಡಾಲರ್, ಮೆಮೊರಿ 11 ಜಿಬಿ. ಒಂದೂವರೆ ವರ್ಷ ಕಳೆದು, 2018ರ ಸೆಪ್ಟೆಂಬರ್‌ನಲ್ಲಿ ಆರ್‌ಟಿಎಕ್ಸ್ 2080 ಬಂತು. ಅದಕ್ಕೂ 699 ಡಾಲರ್ ಅಂತಲೇ ಹೇಳಿದರು. ಕಂಪನಿಯೇ ಮಾರಿದ ಮಾದರಿಗೆ ಇನ್ನೂ 100 ಡಾಲರ್ ಜಾಸ್ತಿ. ಆಗಿನ ಆಟಗಳಲ್ಲಿ ಓಡಿಸಿ ನೋಡಿದರೆ ಎರಡರ ವೇಗ ಹೆಚ್ಚುಕಡಿಮೆ ಒಂದೇ. ಮೆಮೊರಿ ಮಾತ್ರ 8 ಜಿಬಿಗೆ ಇಳಿದಿತ್ತು.

ಹೊಸ ತಲೆಮಾರಿನ ಕಾರ್ಡ್ ಬಂದರೂ ಅದೇ ದುಡ್ಡಿಗೆ ಅದೇ ವೇಗ! ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರಿಗೆ ಇದು ಹೊಸ ಅನುಭವ. "ಈಗ ಬದಲಿಸಲಾ, ಬೇಡವಾ" ಅನ್ನುವ ಪ್ರಶ್ನೆ ಇಂದು ಇಷ್ಟು ತಲೆ ತಿನ್ನುತ್ತಿದ್ದರೆ ಅದರ ಬೇರು ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಅದಕ್ಕೂ ಮೊದಲು ಈ ಪ್ರಶ್ನೆಗೆ ಉತ್ತರ ಸುಲಭವಿತ್ತು. ಸ್ವಲ್ಪ ಕಾಯಿರಿ, ಅಷ್ಟೇ.

ಕಾಯುವುದು ಎಷ್ಟು ಲಾಭದ ಕೆಲಸವಾಗಿತ್ತು ನೋಡಿ. 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂದಾಗ ಅದಕ್ಕೆ 3ಡಿ ಬಿಡಿಸುವುದು ಮಾತ್ರ ಗೊತ್ತಿತ್ತು. ಮಾಮೂಲಿ ಪರದೆ ತೋರಿಸಲು ಇನ್ನೊಂದು ಕಾರ್ಡ್ ಬೇಕು. ಎರಡರ ನಡುವೆ ಹೊರಗಿನಿಂದ ಒಂದು ಕೇಬಲ್ ಎಳೆಯಬೇಕು. ಆದರೂ ಜನ ಕೊಂಡರು, ಏಕೆಂದರೆ ಆ ಕಾರ್ಡ್ ಹಾಕುವ ಮೊದಲು ಮತ್ತು ನಂತರ ಒಂದೇ ಆಟ ಎರಡು ಬೇರೆ ಆಟಗಳ ಹಾಗೆ ಕಾಣುತ್ತಿತ್ತು. 1999ರಲ್ಲಿ ಎನ್‌ವಿಡಿಯಾ ಜಿಫೋರ್ಸ್ 256 ಅನ್ನು "ಜಿಪಿಯು" (ಗ್ರಾಫಿಕ್ಸ್ ಲೆಕ್ಕ ಮಾಡುವ ಪ್ರೊಸೆಸರ್) ಅಂತ ಕರೆದು ಮಾರಿತು. ಅಲ್ಲಿಯವರೆಗೆ ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಮಾಡುತ್ತಿದ್ದ ಲೆಕ್ಕಗಳಲ್ಲಿ ಒಂದಷ್ಟನ್ನು ಕಾರ್ಡೇ ಹೊತ್ತುಕೊಂಡಿತು. ಇನ್ನೊಂದೆರಡು ವರ್ಷದಲ್ಲಿ 3ಡಿಎಫ್‌ಎಕ್ಸ್ ಅಂಗಡಿಯೇ ಮುಚ್ಚಿತು, ಅದರ ಆಸ್ತಿ ಎನ್‌ವಿಡಿಯಾ ಕೈಸೇರಿತು. ಆಗಿನ ಓಟ ಅಷ್ಟು ಜೋರಾಗಿತ್ತು.

2006ರ ನವೆಂಬರ್‌ನಲ್ಲಿ 8800 ಜಿಟಿಎಕ್ಸ್ ಕಾರ್ಡ್‌ಗೆ 599 ಡಾಲರ್. ಒಂದು ವರ್ಷದೊಳಗೆ, 2007ರ ಅಕ್ಟೋಬರ್‌ನಲ್ಲಿ 8800 ಜಿಟಿ ಬಂತು. ಅದರ ಅರ್ಧಕ್ಕಿಂತ ಕಡಿಮೆ ಬೆಲೆ, ವೇಗ ಅದರ ಹತ್ತಿರ ಹತ್ತಿರ. 2015ರ ಮಾರ್ಚ್‌ನಲ್ಲಿ 999 ಡಾಲರ್ ಕೊಟ್ಟು ಟೈಟನ್ ಎಕ್ಸ್ ತಂದವರ ಹೊಟ್ಟೆ ಉರಿಸುವಂತೆ 2016ರ ಜೂನ್‌ನಲ್ಲಿ 379 ಡಾಲರ್‌ನ ಜಿಟಿಎಕ್ಸ್ 1070 ಬಂದು ಅದರ ಸಮಕ್ಕೆ ನಿಂತಿತು. ಇಂಥ ಕಾಲದಲ್ಲಿ ತಪ್ಪು ನಿರ್ಧಾರ ಮಾಡಿದರೂ ದೊಡ್ಡ ನಷ್ಟವಿಲ್ಲ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಕೊಂಡರೆ ಸಾಕು, ಅದೇ ದುಡ್ಡಿಗೆ ವೇಗ ಎರಡರಷ್ಟು ಅನ್ನುವ ಬಾಯಿಲೆಕ್ಕ ನಡೆಯುತ್ತಿತ್ತು. ಆ ಬಾಯಿಲೆಕ್ಕ ನಮ್ಮ ತಲೆಯಲ್ಲಿ ಇನ್ನೂ ಕೂತಿದೆ. ಲೋಕ ಮಾತ್ರ ಮುಂದೆ ಹೋಗಿದೆ.

ಹಾಗಾದರೆ 2018ರಲ್ಲಿ ಆದದ್ದೇನು? ಮುಖ್ಯವಾದ ಒಂದು ಕಾರಣ ಚಿಪ್‌ನ ಒಳಗೇ ಇದೆ. 1080 ಟಿಐ ಚಿಪ್‌ನ ಅಳತೆ 471 ಚದರ ಮಿಲಿಮೀಟರ್. 2080ರದ್ದು 545. ಹೊಸ ಚಿಪ್ ದೊಡ್ಡದು, ಅಂದರೆ ತಯಾರಿಸಲು ದುಬಾರಿ. ಆದರೆ ಜಾಗದ ಒಂದು ಪಾಲನ್ನು ಹೊಸ ಕೆಲಸಗಳಿಗೆ ಕೊಟ್ಟಿದ್ದರು. ಬೆಳಕಿನ ಕಿರಣ ಎಲ್ಲಿ ಬಡಿದು ಎಲ್ಲಿಗೆ ಚಿಮ್ಮುತ್ತದೆ ಅಂತ ಲೆಕ್ಕ ಹಾಕುವ ರೇ ಟ್ರೇಸಿಂಗ್ ಘಟಕ ಒಂದು. ಎಐ ಲೆಕ್ಕ ಮಾಡುವ ಟೆನ್ಸರ್ ಘಟಕ ಇನ್ನೊಂದು. ಆಗ ಇವನ್ನು ಬಳಸುವ ಆಟ ಹುಡುಕಿದರೂ ಸಿಗುತ್ತಿರಲಿಲ್ಲ. ಗಿರಾಕಿ ಕೊಟ್ಟ ದುಡ್ಡು ಇವತ್ತಿನ ವೇಗಕ್ಕಲ್ಲ, ನಾಳೆ ಬರಬಹುದಾದ ಆಟಗಳಿಗೆ. ಇನ್ನೊಂದು ಕಡೆ, ಚಿಪ್ ಕಟ್ಟುವ ಪುಟ್ಟ ಸ್ವಿಚ್ಚು, ಅಂದರೆ ಟ್ರಾನ್ಸಿಸ್ಟರ್, ಸಣ್ಣದಾದ ಹಾಗೆಲ್ಲ ಅಗ್ಗವೂ ಆಗುತ್ತಿದ್ದ ಹಳೆಯ ಸುಖ ಕರಗುತ್ತಾ ಬಂದಿತ್ತು. 2022ರಲ್ಲಿ ಬೆಲೆ ಏರಿಕೆಯ ಬಗ್ಗೆ ಕೇಳಿದಾಗ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, ಚಿಪ್ಪಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ಸುಮಾರು ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಅನ್ನುವ ಮೂರ್ ನಿಯಮ ಸತ್ತಿದೆ ಎಂದುಬಿಟ್ಟರು. ಮಾರುವವರ ಬಾಯಲ್ಲಿ ಇದು ಅನುಕೂಲದ ಮಾತು, ನಿಜ. ಹಾಗಂತ ಪೂರ್ತಿ ಸುಳ್ಳೂ ಅಲ್ಲ.

ಇದರ ಮೇಲೆ ಕ್ರಿಪ್ಟೊ ಗಲಾಟೆ. ಎಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ "ಗಣಿಗಾರಿಕೆ" ಮಾಡಬಹುದಿತ್ತು, ಅಂದರೆ ಕಾರ್ಡಿನಿಂದ ಲೆಕ್ಕ ಬಿಡಿಸಿ ನಾಣ್ಯ ಗಳಿಸಬಹುದಿತ್ತು. 2017ರಲ್ಲಿ ಒಮ್ಮೆ, 2020ರ ಕೊನೆಯಿಂದ ಇನ್ನೊಮ್ಮೆ ಕಾರ್ಡ್‌ಗಳು ಆಡುವವರ ಕೈಗೆ ಸಿಗದೆ ಮಾಯವಾದವು. 699 ಡಾಲರ್ ಅಂತ ಘೋಷಿಸಿದ ಆರ್‌ಟಿಎಕ್ಸ್ 3080 ಆ ಬೆಲೆಗೆ ಸಿಕ್ಕವರು ಪುಣ್ಯವಂತರು. ಗಣಿಗಾರರನ್ನು ದೂರ ಇಡಲು 2021ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3060 ಕಾರ್ಡಿಗೆ ಎನ್‌ವಿಡಿಯಾ ಗಣಿಗಾರಿಕೆಯ ವೇಗ ತಗ್ಗಿಸುವ ಬೀಗ ಹಾಕಿತು. ಮುಂದಿನ ತಿಂಗಳೇ ತಾನು ಬಿಟ್ಟ ಪ್ರಯೋಗದ ಡ್ರೈವರ್‌ನಲ್ಲಿ (ಕಾರ್ಡ್ ನಡೆಸುವ ತಂತ್ರಾಂಶ) ಮೈಮರೆತು ಆ ಬೀಗ ತಾನೇ ತೆಗೆಯಿತು! 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಗಣಿಗಾರಿಕೆ ಬೇಡದ ವಿಧಾನಕ್ಕೆ ಬದಲಾದ ಮೇಲೆ ಆ ಬೇಡಿಕೆ ನಿಂತಿತು. ಆದರೆ ಬೆಲೆ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಬಂದ ಆರ್‌ಟಿಎಕ್ಸ್ 4080 ಕಾರ್ಡಿಗೆ 1,199 ಡಾಲರ್. ಜನ ಎಷ್ಟು ಕೊಡುತ್ತಾರೆ ಅಂತ ಕಂಪನಿಗಳು ನೋಡಿಯಾಗಿತ್ತು, ಅಲ್ವಾ.

ಮಧ್ಯಮ ಬೆಲೆಯ ಕಾರ್ಡ್‌ಗಳ ಕಥೆ ಇನ್ನೂ ಬೇಸರದ್ದು. 2020ರ ಡಿಸೆಂಬರ್‌ನಲ್ಲಿ 399 ಡಾಲರ್‌ಗೆ 3060 ಟಿಐ. 2023ರ ಮೇ ತಿಂಗಳಲ್ಲಿ ಅದೇ 399ಕ್ಕೆ 4060 ಟಿಐ. ಎರಡರಲ್ಲೂ 8 ಜಿಬಿ. ಮೆಮೊರಿಗೆ ಮಾಹಿತಿ ಹೋಗಿಬರುವ ದಾರಿ ಮಾತ್ರ 256 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಗಿತ್ತು. ಹೊಸದರಲ್ಲಿ ವಿದ್ಯುತ್ ಖರ್ಚು ಕಡಿಮೆ, ಅದು ಒಪ್ಪಬೇಕಾದ ಮಾತು. ಆದರೆ ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕೆಗಳ ಸಂಖ್ಯೆ, ಏರಿಸಿದಾಗ ಕೆಲವು ಆಟಗಳಲ್ಲಿ ಹಳೆಯದೇ ಸಮಕ್ಕೆ ಬಂದು ನಿಲ್ಲುತ್ತಿತ್ತು.

8 ಜಿಬಿ ಏಕೆ ತೊಂದರೆ ಅಂತ ಕೇಳಿದರೆ ಆಟದ ಕನ್ಸೋಲ್‌ಗಳ ಕಡೆ ನೋಡಬೇಕು. ದೊಡ್ಡ ಆಟಗಳನ್ನು ಕನ್ಸೋಲ್ ಲೆಕ್ಕದಲ್ಲಿಟ್ಟು ಕಟ್ಟುತ್ತಾರೆ. 2013ರ ಪ್ಲೇಸ್ಟೇಷನ್ 4ರಲ್ಲಿ ಒಟ್ಟು 8 ಜಿಬಿ ಇತ್ತು. 2020ರ ಪ್ಲೇಸ್ಟೇಷನ್ 5ರಲ್ಲಿ 16. ಹೊಸ ಕನ್ಸೋಲ್‌ಗೆ ಮಾತ್ರ ಮಾಡಿದ ಆಟಗಳು 2023ರ ಹೊತ್ತಿಗೆ ಪಿಸಿಗೂ ಬರತೊಡಗಿದವು. ಆಗ 8 ಜಿಬಿ ಕಾರ್ಡ್‌ಗಳು ಏದುಸಿರು ಬಿಟ್ಟವು. ಮೆಮೊರಿ ತುಂಬಿದಾಗ ಕಾರ್ಡ್ ನಿಧಾನಕ್ಕೆ ಸೋಲುವುದಿಲ್ಲ. ಸರಾಸರಿ ಫ್ರೇಮ್ ಲೆಕ್ಕ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಚೆನ್ನಾಗೇ ಕಾಣುತ್ತದೆ, ನಡುನಡುವೆ ಚಿತ್ರ ತಟ್ಟನೆ ಎಡವುತ್ತದೆ. ವಿಮರ್ಶೆಯ ಪಟ್ಟಿಯಲ್ಲಿ ಕಾಣದ ರೋಗ ಇದು.

ಈಗ ಪಟ್ಟಿಗಳನ್ನೂ ಪೂರ್ತಿ ನಂಬುವಂತಿಲ್ಲ. 2019ರ ಹೊತ್ತಿಗೆ ಆಟಗಳಿಗೆ ಬಂದ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರ. ಮೊದಲ ಆವೃತ್ತಿ ಮಸುಕಾಗಿತ್ತು. 2020ರ ಎರಡನೆಯ ಆವೃತ್ತಿ ನಿಜಕ್ಕೂ ಚೆನ್ನಾಗಿತ್ತು. 2021ರಲ್ಲಿ ಎನ್‌ವಿಡಿಯಾದ ಎದುರಾಳಿ ಎಎಂಡಿ ಕೂಡ ಅಂಥದ್ದೇ ತಂತ್ರವಾದ ಎಫ್‌ಎಸ್‌ಆರ್ ತಂದಿತು. ಇದರ ಹೊಸತನ ಏನೆಂದರೆ ಅದು ಎನ್‌ವಿಡಿಯಾದ ಹಳೆಯ ಕಾರ್ಡ್‌ಗಳಲ್ಲೂ ನಡೆಯುತ್ತಿತ್ತು. ಬೇರೆ ಕಂಪನಿ ಬಿಟ್ಟಿಯಾಗಿ ಕೊಟ್ಟ ತಂತ್ರಾಂಶದಿಂದ ಎಷ್ಟೋ ಜನರ ಖರ್ಚು ಒಂದೆರಡು ವರ್ಷ ಮುಂದಕ್ಕೆ ಹೋಯಿತು.

ಆಮೇಲೆ ಬಂದದ್ದು ಫ್ರೇಮ್ ಜನರೇಷನ್. ನಿಜವಾಗಿ ಬಿಡಿಸಿದ ಎರಡು ಚಿತ್ರಗಳ ನಡುವೆ ಕಾರ್ಡ್ ತಾನೇ ಊಹಿಸಿ ಚಿತ್ರ ತುಂಬುತ್ತದೆ. 2025ರ ಜನವರಿಯಲ್ಲಿ ಹುವಾಂಗ್ ವೇದಿಕೆಯ ಮೇಲೆ ನಿಂತು, 549 ಡಾಲರ್‌ನ ಆರ್‌ಟಿಎಕ್ಸ್ 5070ರಲ್ಲಿ 4090ರ ವೇಗ ಸಿಗುತ್ತದೆ ಅಂದರು. 4090ರ ಬಿಡುಗಡೆ ಬೆಲೆ 1,599 ಡಾಲರ್! ಒಂದು ನಿಜ ಚಿತ್ರಕ್ಕೆ ಮೂರು ಊಹೆಯ ಚಿತ್ರ ಸೇರಿಸಿದ ಲೆಕ್ಕ ಅದು. ಕಣ್ಣಿಗೆ ನಯವಾಗಿ ಕಾಣುತ್ತದೆ. ಆದರೆ ನೀವು ಮೌಸ್ ಅಲುಗಿಸಿದ್ದು ಆಟಕ್ಕೆ ಗೊತ್ತಾಗುವುದು ನಿಜ ಚಿತ್ರದ ವೇಗದಲ್ಲೇ. ಮೂಲದಲ್ಲಿ 30 ಫ್ರೇಮ್ ಬರುತ್ತಿದ್ದರೆ ಪರದೆ 120 ತೋರಿಸಿದರೂ ಕೈಗೆ ಆ 30ರ ಭಾರವೇ ಸಿಗುತ್ತದೆ. ಮೂಲದಲ್ಲೇ 60-70 ಇರುವವರಿಗೆ ಇದು ಒಳ್ಳೆಯ ಅಲಂಕಾರ. ಕಷ್ಟದಲ್ಲಿರುವ ಕಾರ್ಡಿಗೆ ಮದ್ದಲ್ಲ.

ಹೀಗಾಗಿ ಕಾರ್ಡ್‌ಗೆ ಕಾರ್ಡ್ ಹೋಲಿಸಿದರೆ ಇಂದು ಉತ್ತರ ಸಿಗುವುದಿಲ್ಲ. ನಿಮ್ಮ ಮೇಜಿನ ಮೇಲಿರುವ ಪಿಸಿಯನ್ನೇ ಕೇಳಬೇಕು. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಹಿಂದೊಮ್ಮೆ ದೊಡ್ಡ ಕಾರ್ಡ್ ತಂದು ಹಳೆಯ ಪ್ರೊಸೆಸರ್ ಜೊತೆ ಕೂರಿಸಿದೆ. ನಾನು ದಿನಾ ಆಡುವ ಆಟದಲ್ಲಿ ಫ್ರೇಮ್ ಲೆಕ್ಕ ಜಾಗ ಬಿಟ್ಟು ಕದಲಲಿಲ್ಲ. ಕಾರ್ಡ್ ಅರ್ಧ ಹೊತ್ತು ಸುಮ್ನೆ ಕೂತಿತ್ತು.

ಕೊಳ್ಳುವ ಮೊದಲು ಎರಡು ನಿಮಿಷದ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು. ಆಟದ ರೆಸಲ್ಯೂಷನ್ ಇಳಿಸಿ ನೋಡಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ, 1080ಪಿಯಲ್ಲಿ ಸುಮಾರು 21 ಲಕ್ಷ. ಚುಕ್ಕೆ ಕಡಿಮೆಯಾದರೆ ಕಾರ್ಡಿನ ಕೆಲಸ ಇಳಿಯುತ್ತದೆ, ಪ್ರೊಸೆಸರ್ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಳಿಸಿದಾಗ ಫ್ರೇಮ್ ಜಿಗಿದರೆ ಅಡ್ಡಿ ಕಾರ್ಡಿನದು. ಜಿಗಿಯದಿದ್ದರೆ ಹೊಸ ಕಾರ್ಡ್ ತಂದೂ ಪ್ರಯೋಜನವಿಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸುವ 60 ಹರ್ಟ್ಸ್ ಮಾನಿಟರ್‌ನಲ್ಲಿ ಈಗಾಗಲೇ ಸ್ಥಿರವಾಗಿ 60 ಫ್ರೇಮ್ ಬರುತ್ತಿದ್ದರೂ ಅಷ್ಟೇ, ಹೊಸ ಕಾರ್ಡಿನಿಂದ ಸೆಟ್ಟಿಂಗ್ ಏರಿಸಬಹುದು, ಆಟ ಇನ್ನಷ್ಟು ನಯವಾಗಿ ಕಾಣುವುದಿಲ್ಲ. ಇನ್ನೊಂದು ಮಾತು: 30ರಿಂದ 60ಕ್ಕೆ ಹೋದರೆ ಪ್ರತಿ ಚಿತ್ರಕ್ಕೂ 16.7 ಮಿಲಿಸೆಕೆಂಡ್ ಉಳಿಯುತ್ತದೆ. 120ರಿಂದ 240ಕ್ಕೆ ಹೋದರೆ ಉಳಿಯುವುದು 4.2 ಮಾತ್ರ. ಎರಡನ್ನೂ "ಡಬಲ್ ವೇಗ" ಅಂತಲೇ ಮಾರುತ್ತಾರೆ.

ಕಾರ್ಡಿನ ಬೆಲೆಗೆ ಬೆನ್ನಿಗಂಟಿ ಬರುವ ಖರ್ಚುಗಳೂ ಇವೆ. 4090 ಒಂದೇ 450 ವ್ಯಾಟ್ ಎಳೆಯಬಲ್ಲದು. ಪವರ್ ಸಪ್ಲೈ ಬದಲಿಸಬೇಕಾದೀತು. 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡ್ ಜೊತೆ ಮಾತಾಡಲು ಮಾಹಿತಿ ಸಾಗಿಸುವ ನಾಲ್ಕೇ ಸಾಲು ಬಳಸುತ್ತಿತ್ತು. ಹೊಸ ಬೋರ್ಡ್‌ನಲ್ಲಿ ಪರವಾಗಿಲ್ಲ, ಹಳೆಯದರಲ್ಲಿ ವೇಗ ಎದ್ದು ಕಾಣುವಷ್ಟು ಕುಸಿಯುತ್ತಿತ್ತು. ಅಗ್ಗದ ಕಾರ್ಡ್ ಹುಡುಕುವವರ ಬಳಿ ಹಳೆಯ ಬೋರ್ಡೇ ಇರುತ್ತದೆ ಅನ್ನುವುದು ಇಲ್ಲಿನ ವ್ಯಂಗ್ಯ.

ಕೊನೆಗೆ ಆ 1080 ಟಿಐ ಏನಾಯಿತು? 2018ರಲ್ಲಿ ಅದನ್ನು ಬದಲಿಸದೆ ಇಟ್ಟುಕೊಂಡವರು ಆಗಿನ ಮಟ್ಟಿಗೆ ಸರಿಯಾಗೇ ಮಾಡಿದ್ದರು. ವೇಗದಲ್ಲಿ ಅದು ವರ್ಷಗಟ್ಟಲೆ ಸೋಲಲಿಲ್ಲ. ಸೋಲಿಸಿದ್ದು ಬೇರೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಘಟಕ ಕಡ್ಡಾಯವಾಗಿತ್ತು. 2018ರಲ್ಲಿ ಯಾರಿಗೂ ಬೇಡವಾಗಿದ್ದ ಅದೇ ಘಟಕ! ಅದಕ್ಕೆ ಆರು ವರ್ಷ ಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಆ ತಲೆಮಾರಿಗೆ ಆಟಗಳಿಗಾಗಿ ಹೊಸ ಡ್ರೈವರ್ ಕೊಡುವುದನ್ನೂ ಎನ್‌ವಿಡಿಯಾ ನಿಲ್ಲಿಸಿತು. ಅಲ್ಲಿಗೆ ಎಂಟೂವರೆ ವರ್ಷ. 699 ಡಾಲರನ್ನು ಎಂಟೂವರೆ ವರ್ಷಕ್ಕೆ ಹಂಚಿದರೆ ವರ್ಷಕ್ಕೆ 82 ಡಾಲರ್ ಚಿಲ್ಲರೆ ಬೀಳುತ್ತದೆ.