ಇಗ್ನಿಷನ್ ಟೈಮಿಂಗ್: ಮೊದ್ಲು ಪಾಯಿಂಟ್ ಗ್ಯಾಪ್, ಆಮೇಲೆ ಡಿಸ್ಟ್ರಿಬ್ಯೂಟರ್

ತುಮಕೂರಲ್ಲಿ ಐಟಿಐ ಮಾಡ್ತಿರೋರು, ಶೆಡ್‌ನಲ್ಲಿ ಕೆಲಸ ಕಲೀತಿರೋರು ಓದ್ಕೊಳ್ಳಿ. ಈಗಿನ ಕಾರಲ್ಲಿ ಟೈಮಿಂಗ್, ಅಂದ್ರೆ ಸ್ಪಾರ್ಕ್ ಯಾವಾಗ ಬರ್ಬೇಕು ಅನ್ನೋದನ್ನೆಲ್ಲಾ ಇಸಿಯು (ಇಂಜಿನ್ ಕಂಪ್ಯೂಟರ್) ನೋಡ್ಕೊಳತ್ತೆ, ನಾವು ತಿರುಗಿಸೋಕೆ ಏನೂ ಇರಲ್ಲ. ನಾನು ಬರೀತಿರೋದು ಪದ್ಮಿನಿ, ಹಳೇ ಪೆಟ್ರೋಲ್ ಅಂಬಾಸಿಡರ್ ಥರ ಸಿಬಿ ಪಾಯಿಂಟ್ (ತೆರೆದಾಗ ಸ್ಪಾರ್ಕ್ ಬರೋ ಕಾಂಟ್ಯಾಕ್ಟ್ ಬ್ರೇಕರ್ ಸ್ವಿಚ್) ಇರೋ ಗಾಡಿಗಳ ಬಗ್ಗೆ. ಆದ್ರೆ ಇಸಿಯು ಒಳಗೆ ನಡೆಯೋ ಲೆಕ್ಕಾನೂ ಇದೇ, ಇಲ್ಲಿ ಕೈಯಲ್ಲಿ ಮುಟ್ಟಿ ನೋಡ್ಬೋದು ಅಷ್ಟೇ, ಅದಕ್ಕೇ ಕಲೀರಿ ಅನ್ನೋದು.

ಸ್ಪಾರ್ಕ್ ಬಂದ ತಕ್ಷಣ ಪೆಟ್ರೋಲ್ ಪೂರ್ತಿ ಉರಿಯಲ್ಲ, ಸುಮಾರು 2 ಮಿಲಿಸೆಕೆಂಡ್ ಹಿಡಿಯತ್ತೆ. ಪಿಸ್ಟನ್ ಮೇಲೆ ಹೋಗಿ ಕೆಳಗೆ ತಿರುಗಿದ ಸ್ವಲ್ಪ ಹೊತ್ತಿಗೆ, ಅಂದ್ರೆ ಟಿಡಿಸಿ (ಪಿಸ್ಟನ್ ತೀರಾ ಮೇಲಿರೋ ಜಾಗ) ದಾಟಿ 10ರಿಂದ 15 ಡಿಗ್ರಿ ಹತ್ರ ಪ್ರೆಶರ್ ಜಾಸ್ತಿ ಇದ್ರೆ ಪೂರ್ತಿ ಎಳೆತ ಸಿಗತ್ತೆ, ಅದಕ್ಕೆ ಸ್ಪಾರ್ಕ್‌ನ ಟಿಡಿಸಿಗಿಂತ ಮುಂಚೇನೇ ಕೊಡ್ಬೇಕು. ಈಗ ಲೆಕ್ಕ ಹಾಕಿ: 900 ಆರ್‌ಪಿಎಂನಲ್ಲಿ 1 ಮಿಲಿಸೆಕೆಂಡಿಗೆ ಕ್ರ್ಯಾಂಕ್ 5.4 ಡಿಗ್ರಿ ತಿರುಗತ್ತೆ, 3000ದಲ್ಲಿ 18 ಡಿಗ್ರಿ. ಉರಿಯೋಕೆ ಬೇಕಾದ ಟೈಮ್ ಅಷ್ಟೊಂದು ಕಮ್ಮಿ ಆಗಲ್ಲ, ಹಾಗಾಗಿ ಸ್ಪೀಡ್ ಏರಿದಂಗೆ ಸ್ಪಾರ್ಕ್ ಇನ್ನೂ ಮುಂಚೆ ಬರ್ಬೇಕು. ಈ ಕೆಲಸ ಡಿಸ್ಟ್ರಿಬ್ಯೂಟರ್ (ಪಾಯಿಂಟ್ ಇರೋ, ಸ್ಪಾರ್ಕ್‌ನ ಸಿಲಿಂಡರ್‌ಗಳಿಗೆ ಹಂಚೋ ಭಾಗ) ಒಳಗಿರೋ ಎರಡು ವೇಟ್, ಸ್ಪ್ರಿಂಗ್ ಮಾಡತ್ತೆ. ಆಕ್ಸಲರೇಟರ್ ಕಮ್ಮಿ ಕೊಟ್ಟು ಹೋಗುವಾಗ ಮಿಕ್ಸ್‌ಚರ್ ನಿಧಾನ ಉರಿಯತ್ತೆ, ಅದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್, ಅಂದ್ರೆ ಇಂಜಿನ್ನಿನ ವ್ಯಾಕ್ಯೂಮಿಂದ ಸ್ಪಾರ್ಕ್ ಇನ್ನೂ ಮುಂಚೆ ತರೋದು.

ಈಗ ಅಸಲು ವಿಷಯ. ಸುಮಾರು ಜನ ಗಾಡಿ ಪಿಕಪ್ ಇಲ್ಲ ಅಂದ್ರೆ ಸೀದಾ ಡಿಸ್ಟ್ರಿಬ್ಯೂಟರ್ ಲೂಸ್ ಮಾಡಿ ತಿರುಗಿಸ್ತಾರೆ, ಇದು ತಪ್ಪು. ಪಾಯಿಂಟ್‌ನ ಹೀಲ್ (ಅದನ್ನ ತೆರೆಸೋ ಕ್ಯಾಮ್‌ಗೆ ತಾಗೋ ತುದಿ) ಕ್ಯಾಮ್‌ಗೆ ಉಜ್ಜಿ ಉಜ್ಜಿ ಸವೆಯತ್ತೆ, ಗ್ಯಾಪ್ ಕಮ್ಮಿ ಆಗತ್ತೆ, ಪಾಯಿಂಟ್ ಲೇಟಾಗಿ ತೆರ್ಕೊಳತ್ತೆ, ಟೈಮಿಂಗ್ ತಾನೇ ರಿಟಾರ್ಡ್ (ಸ್ಪಾರ್ಕ್ ಲೇಟು) ಆಗಿರತ್ತೆ. ನೀವು ಮೊದ್ಲು ಟೈಮಿಂಗ್ ಸರಿ ಮಾಡಿ ಆಮೇಲೆ ಗ್ಯಾಪ್ ಇಟ್ರೆ ಮಾಡಿದ್ದೆಲ್ಲಾ ಕೆಡತ್ತೆ. ಹೀಲ್ ಕ್ಯಾಮ್‌ನ ಎತ್ತರದ ಮೇಲಿದ್ದಾಗ ಫೀಲರ್ ಗೇಜಲ್ಲಿ ಗ್ಯಾಪ್ ಇಡಿ, ಅಳತೆ ಆ ಗಾಡಿ ಮ್ಯಾನ್ಯುಯಲ್‌ದೇ ಇರ್ಲಿ.

ಆಮೇಲೆ 1ನೇ ಸಿಲಿಂಡರ್ ಕಂಪ್ರೆಷನ್‌ಗೆ ತನ್ನಿ, ಪ್ಲಗ್ ತೂತಿಗೆ ಬೆರಳಿಟ್ರೆ ಗಾಳಿ ಒತ್ತೋದು ಗೊತ್ತಾಗತ್ತೆ. ಕ್ರ್ಯಾಂಕನ್ನ ಇಂಜಿನ್ ತಿರುಗೋ ದಿಕ್ಕಿಗೇ ತಿರುಗಿಸಿ ಟೈಮಿಂಗ್ ಮಾರ್ಕ್ ಸೇರಿಸಿ, ದಾಟಿಹೋದ್ರೆ ಚೆನ್ನಾಗಿ ಹಿಂದಕ್ಕೆ ಬಂದು ಮತ್ತೆ ಮುಂದೆ ಬನ್ನಿ, ಇಲ್ದಿದ್ರೆ ಚೈನು, ಗೇರಿನ ಆಟ ಲೆಕ್ಕ ಕೆಡಿಸತ್ತೆ. 12 ವೋಲ್ಟ್ ಬಲ್ಬಿನ ಒಂದು ವೈರ್ ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗೋ ಟರ್ಮಿನಲ್‌ಗೆ, ಇನ್ನೊಂದು ಗಾಡಿ ಬಾಡಿಯ ಲೋಹಕ್ಕೆ ಕೊಟ್ಟು ಇಗ್ನಿಷನ್ ಆನ್ ಮಾಡಿ. ಡಿಸ್ಟ್ರಿಬ್ಯೂಟರ್ ಬಾಡಿಯನ್ನ, ಅದರೊಳಗಿನ ರೋಟರ್ ತಿರುಗೋ ಕಡೆಗೆ ತಿರುಗಿಸಿ ಬಲ್ಬ್ ಆರಿಸಿ, ಆಮೇಲೆ ಅದರ ಎದುರು ದಿಕ್ಕಿಗೆ ನಿಧಾನ ತನ್ನಿ, ಪಾಯಿಂಟ್ ತೆರೆದು ಬಲ್ಬ್ ಹತ್ತಿದ ಜಾಗದಲ್ಲಿ ಬೋಲ್ಟ್ ಟೈಟ್ ಮಾಡಿ. ಎದುರು ದಿಕ್ಕು ಅಂದ್ರೆ ಯಾವಾಗ್ಲೂ ಅಡ್ವಾನ್ಸ್.

ಟೈಮಿಂಗ್ ಲೈಟ್ (ಸ್ಪಾರ್ಕ್ ಬಂದಾಗೆಲ್ಲಾ ಮಿಂಚೋ ಲೈಟ್) ಇದ್ರೆ ವ್ಯಾಕ್ಯೂಮ್ ಪೈಪ್ ತೆಗೆದು ಅದರ ಬಾಯಿ ಮುಚ್ಚಿ ಐಡಲಲ್ಲಿ ನೋಡಿ. ರೇಸ್ ಮಾಡಿದಾಗ ಮಾರ್ಕ್ ಸಲೀಸಾಗಿ ಅಡ್ವಾನ್ಸ್ ಕಡೆ ಸರೀಬೇಕು, ಸರೀದೇ ಇದ್ರೆ ವೇಟ್ ಜಾಮ್ ಆಗಿರತ್ತೆ, ಒಂದೇ ಕಡೆ ನಿಲ್ಲದೆ ಕುಣಿದ್ರೆ ಶಾಫ್ಟ್ ಬುಷ್ ಸವೆದಿದ್ಯಾ ನೋಡಿ. ಇನ್ನೊಂದು, ದಯವಿಟ್ಟು ಮರೀಬೇಡಿ: ಆ ಲೈಟಲ್ಲಿ ತಿರುಗ್ತಿರೋ ಫ್ಯಾನ್ ನಿಂತಂಗೆ ಕಾಣ್ಬೋದು, ಕೈ ಹಾಕ್ಬಿಟ್ರೆ ಬೆರಳು ಹೋಗತ್ತೆ, ತೋಳಿನ ಬಟ್ಟೆ ಮಡಚಿಕೊಂಡೇ ನಿಲ್ಲಿ.

ಕೊನೆಗೆ ರೋಡ್ ಟೆಸ್ಟ್. ನಮ್ಗೆ ದೇವರಾಯನದುರ್ಗದ ಏರು ಇದೆ, ಇಂಜಿನ್ ಪೂರ್ತಿ ಬಿಸಿ ಆದ್ಮೇಲೆ ಟಾಪ್ ಗೇರಲ್ಲಿ ಸ್ವಲ್ಪ ಎಳೆಸಿ ನೋಡಿ. ಕಟಕಟ ಅಂತ ನಾಕಿಂಗ್ ಬಂದ್ರೆ ಅಡ್ವಾನ್ಸ್ ಜಾಸ್ತಿ ಆಗಿದೆ, ಹಂಗೇ ಓಡಿಸಿದ್ರೆ ಪಿಸ್ಟನ್ನಿಗೇ ಪೆಟ್ಟು. ಶಬ್ದ ಇಲ್ಲ ಆದ್ರೆ ಎಳೆತಾನೂ ಇಲ್ಲ, ಇಂಜಿನ್ ಬಿಸಿ ಏರ್ತಿದೆ ಅಂದ್ರೆ ರಿಟಾರ್ಡ್. ಸರಿ ಮಾಡುವಾಗ ಕೂದಲೆಳೆಯಷ್ಟು ತಿರುಗಿಸಿದ್ರೆ ಸಾಕು, ಯಾಕಂದ್ರೆ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ಸ್ಪೀಡಲ್ಲಿ ತಿರುಗೋದು, ಅಲ್ಲಿ 1 ಡಿಗ್ರಿ ಅಂದ್ರೆ ಕ್ರ್ಯಾಂಕಲ್ಲಿ 2 ಡಿಗ್ರಿ.